ಎಡಗಡೆಯ ಪೈಪು ತಣ್ಣಗಿದೆ

ಅತ್ತೆ ಸೊಸೆ ಜಗಳ ಎಲ್ಲರ ಮನೆಯಲ್ಲೂ ಇರುತ್ತದೆ. ನಮ್ಮ ಮನೆಯಲ್ಲಿ ನಡೆದದ್ದು ಮಾವ ಸೊಸೆ ಜಗಳ. ಅದೂ ಅಡುಗೆಗಲ್ಲ, ಆಸ್ತಿಗಲ್ಲ, ಒಂದು ಹಳೆಯ ಮೋಟಾರ್‌ಸೈಕಲ್ಲಿನ ಎರಡು ಸಿಲಿಂಡರುಗಳಲ್ಲಿ ಕೆಟ್ಟದ್ದು ಯಾವುದು ಎಂಬುದಕ್ಕೆ. ಸೋಮವಾರ ಶುರುವಾಗಿ ಶನಿವಾರ ಮುಗಿಯಿತು. ಸೋತವನು ನಾನು. ಆದರೆ ಸೋತದ್ದು ಸೊಸೆಗೆ ಎಂದು ಹೇಳಿದರೆ ಅದು ಪೂರ್ತಿ ನಿಜವಲ್ಲ.

ಗಾಡಿ ಗಡಿಯಾರ ರಿಪೇರಿಯವನದು. ಬೀದಿಯವರೆಲ್ಲ ಅವನಿಗೆ ಅರೆನಿಮಿಷ ಎಂದು ಹೆಸರಿಟ್ಟಿದ್ದಾರೆ. 'ಅರೆನಿಮಿಷ, ಬಂದೆ' ಎಂದು ಹೋದವನು ಅರ್ಧ ದಿನ ಪತ್ತೆ ಇರುವುದಿಲ್ಲ. ಊರಿನವರ ಗಡಿಯಾರಗಳನ್ನೆಲ್ಲ ಸರಿಯಾದ ಹೊತ್ತಿಗೆ ತರುವ ಮನುಷ್ಯನ ಸಮಾಚಾರ ಇದು. ಸೋಮವಾರ ಬೆಳಿಗ್ಗೆ ಗಾಡಿಯನ್ನು ತಳ್ಳಿಕೊಂಡು ಬಂದ.

"ಓಡೋವಾಗ ಚೆನ್ನಾಗೇ ಓಡತ್ತೆ. ನಿಂತಾಗ ಕೆಮ್ಮತ್ತೆ. ನನ್ ಥರಾನೇ" ಅಂದ.

ಎರಡು ಸಿಲಿಂಡರಿನ ಗಾಡಿ. ನನ್ನ ತಲೆಗೂದಲು ಕಪ್ಪಗಿದ್ದ ಕಾಲದ್ದು. ಪೆಟ್ರೋಲಿಗೆ ಗಾಳಿ ಬೆರೆಸಿ ಕೊಡುವ ಕಾರ್ಬುರೇಟರ್ ಎಡಕ್ಕೊಂದು, ಬಲಕ್ಕೊಂದು. ಹೊಗೆ ಹೋಗುವ ಪೈಪೂ ಎಡಕ್ಕೊಂದು, ಬಲಕ್ಕೊಂದು. ಎರಡೂ ಕಡೆ ಸಮನಾಗಿ ಉರಿದರೆ ಇಂಜಿನ್ನಿನ ಮೇಲೆ ಚಹಾದ ಲೋಟ ಇಟ್ಟರೂ ತುಳುಕುವುದಿಲ್ಲ. ಒಂದು ಕಡೆ ಉರಿಯದೆ ಹೋಯಿತೋ, ಎತ್ತು ಏರಿಗೆ, ಕೋಣ ನೀರಿಗೆ. ನಿಲ್ಲಿಸಿದ ಜಾಗದಲ್ಲೇ ಗಾಡಿ ಮೈ ಕೊಡವುತ್ತದೆ, ಟಪ್ ಟಪ್ ಎಂದು ಉಗುಳುತ್ತದೆ.

ಉರಿಯದ ಸಿಲಿಂಡರ್ ಯಾವುದು ಎಂದು ಹಿಡಿಯುವುದಕ್ಕೆ ನನ್ನದೊಂದು ಕ್ರಮ ಇದೆ. ಇದೆ ಅಲ್ಲ, ಇತ್ತು. ತಣ್ಣಗಿರುವ ಇಂಜಿನ್ನನ್ನು ಶುರು ಮಾಡಬೇಕು. ಸವಾರನ ಹಾಗೆ ಸೀಟಿನ ಮೇಲೆ ಕೂತು, ಟ್ಯಾಂಕಿನ ಮೇಲೆ ಬಗ್ಗಿ, ಎರಡೂ ಕೈಗಳನ್ನು ಕೆಳಗೆ ಬಿಟ್ಟು, ಎಡಗೈಯ ಬೆರಳನ್ನು ಎಡಗಡೆಯ ಪೈಪಿಗೂ ಬಲಗೈಯ ಬೆರಳನ್ನು ಬಲಗಡೆಯ ಪೈಪಿಗೂ ಒತ್ತಬೇಕು. ಒಂದು, ಎರಡು ಎಂದು ಎಣಿಸಬೇಕು. ಉರಿಯುವ ಕಡೆ ಮೂರು ಎಣಿಸುವ ಮೊದಲೇ ಬೆರಳು ತಾನಾಗಿ ಹಾರಿ ಬರುತ್ತದೆ. ಉರಿಯದ ಕಡೆಯ ಬೆರಳು ಅಲ್ಲೇ ಇರುತ್ತದೆ. ನಲವತ್ತು ವರ್ಷ ಇದರಿಂದಲೇ ಅನ್ನ ತಿಂದಿದ್ದೇನೆ. ಪೈಪಿನ ಮೇಲೆ ನೀರು ಚಿಮುಕಿಸಿ ನೋಡುವವರನ್ನು ಕಂಡರೆ ನನಗೆ ನಗು. ಕಣ್ಣು ಮೋಸ ಹೋಗುತ್ತದೆ, ಕಿವಿ ಮೋಸ ಹೋಗುತ್ತದೆ, ಬೆರಳು ಹೋಗುವುದಿಲ್ಲ ಎಂದು ಸೊಸೆಗೆ ಮೊದಲ ದಿನವೇ ಹೇಳಿಕೊಟ್ಟಿದ್ದೆ.

ಅವಳಿಗೆ ಹೇಳಿಕೊಟ್ಟ ಎರಡನೆಯ ಪಾಠ ಅದಲುಬದಲು. ಯಾವುದೇ ಸಾಮಾನಿನ ಮೇಲೆ ಅನುಮಾನ ಬಂದರೆ ಎಡಗಡೆಯದನ್ನು ಬಲಕ್ಕೆ ಹಾಕು, ಬಲಗಡೆಯದನ್ನು ಎಡಕ್ಕೆ ಹಾಕು. ಕಾಯಿಲೆ ಸಾಮಾನಿನ ಜೊತೆ ಹೋದರೆ ಸಾಮಾನೇ ಕೆಟ್ಟಿದೆ. ಕಾಯಿಲೆ ಇದ್ದಲ್ಲೇ ಉಳಿದರೆ ಬೇರೆ ಕಡೆ ಹುಡುಕು. ಒಂದು ಸಲಕ್ಕೆ ಒಂದೇ ಬದಲಾವಣೆ.

ನನ್ನ ಮಗನಿಗೆ ಗ್ರೀಸಿನ ವಾಸನೆ ಆಗುವುದಿಲ್ಲ. ಅವನು ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಾನೆ. ಅವನನ್ನು ಮದುವೆಯಾಗಿ ಬಂದವಳು ಒಂದು ದಿನ ಅಂಗಡಿಗೆ ಚಹಾ ತಂದಳು. ನಾನು ಕುಡಿದು ಮುಗಿಸುವವರೆಗೆ ಬಿಚ್ಚಿಟ್ಟ ಗೇರ್‌ಬಾಕ್ಸನ್ನೇ ನೋಡುತ್ತ ನಿಂತಿದ್ದಳು. ಖಾಲಿ ಲೋಟ ತೆಗೆದುಕೊಂಡು ಹೋಗುವುದನ್ನು ಮರೆತಳು. ಎಂಟು ವರ್ಷವಾಯಿತು, ಅವಳು ಅಂಗಡಿ ಬಿಟ್ಟು ಹೋಗಿರಲಿಲ್ಲ. ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ, ಮೇಲೆ ತಗಡು. ಅಡುಗೆಮನೆಯ ಕಿಟಕಿ ಅಂಗಡಿಯ ಒಳಕ್ಕೇ ತೆರೆಯುತ್ತದೆ. ಅಲ್ಲಿಂದ ನನ್ನ ಹೆಂಡತಿ ನಮ್ಮಿಬ್ಬರನ್ನೂ ಕಾಯುತ್ತಿರುತ್ತಾಳೆ.

ಅದೇ ಸೋಮವಾರ ಬೆಳಿಗ್ಗೆ ಸೊಸೆ ಒಂದು ಕಾಗದ ತೋರಿಸಿದ್ದಳು. ಬಸ್ ಡಿಪೋದ ವರ್ಕ್‌ಶಾಪಿಗೆ ಅವಳನ್ನು ಕರೆದಿದ್ದರು. ಶುಕ್ರವಾರದೊಳಗೆ ಉತ್ತರ ಕೊಡಬೇಕು.

"ನೋಡು, ನಿನ್ನಿಷ್ಟ" ಅಂದೆ, ಏನೂ ಆಗದವನ ಹಾಗೆ. ಅವಳಿಲ್ಲದಿದ್ದರೆ ಈ ಅಂಗಡಿ ಇಲ್ಲ. ಭಾರದ ಇಂಜಿನ್ ಎತ್ತುವವಳು ಅವಳು, ಸಣ್ಣ ಅಕ್ಷರ ಓದುವವಳು ಅವಳು. ಇದನ್ನು ಬಾಯಿಬಿಟ್ಟು ಹೇಳಲು ನನ್ನ ನಾಲಗೆಗೆ ಏನು ದಾಡಿ ಬಂದಿತ್ತೋ ತಿಳಿಯದು.

ಅರೆನಿಮಿಷನ ಗಾಡಿಯ ಮೇಲೆ ಕೂತೆ, ಬಗ್ಗಿದೆ, ಬೆರಳು ಒತ್ತಿದೆ. ಬಲಗಡೆ ಬಿಸಿ. ಅಷ್ಟೇನೂ ಚುರುಕಿಲ್ಲ, ಐದರವರೆಗೆ ಎಣಿಸಬಹುದಾದ ಬಿಸಿ, ಹಳೆಯ ಗಾಡಿ ತಾನೇ ಅಂದುಕೊಂಡೆ. ಎಡಗಡೆ ಏನೂ ಇಲ್ಲ.

"ಎಡಗಡೆ ಪೈಪು ತಣ್ಣಗಿದೆ" ಎಂದು ಘೋಷಿಸಿ ಎಡಗಡೆಯ ಕಾರ್ಬುರೇಟರ್ ಬಿಚ್ಚಲು ಕೂತೆ. ಸಂಜೆಯವರೆಗೆ ಅದರ ಒಂದೊಂದು ತೂತಿಗೂ ತಂತಿ ಹಾಕಿ ಚೊಕ್ಕ ಮಾಡಿ ಜೋಡಿಸಿದೆ. ಸಣ್ಣ ಸ್ಕ್ರೂಗಳು ಕೈಯಿಂದ ಜಾರಿ ಜಾರಿ ಬಿದ್ದವು. ನೆಲದ ಮೇಲೆ ಮೊಣಕಾಲೂರಿ ಹುಡುಕಿ ಹುಡುಕಿ ಸಾಕಾಯಿತು. ಶುರು ಮಾಡಿದರೆ ಅದೇ ಟಪ್ ಟಪ್.

ಮಂಗಳವಾರ ಕಿಡಿ ಹಾರಿಸುವ ಎರಡು ಪ್ಲಗ್ಗುಗಳನ್ನು ಅದಲುಬದಲು ಮಾಡಿದೆ. ಮತ್ತೆ ಸೀಟಿನ ಮೇಲೆ ಕೂತು ಮುಟ್ಟಿದೆ. ಎಡಗಡೆಯೇ ತಣ್ಣಗೆ. ಪ್ಲಗ್ಗು ಅಲ್ಲ ಎಂದಾಯಿತು. ಸೊಸೆ ಅಷ್ಟು ಹೊತ್ತು ಇನ್ನೊಂದು ಗಾಡಿಯ ಚೈನು ಬಿಗಿಯುತ್ತಿದ್ದಳು. ಕೈ ಒರೆಸಿಕೊಂಡು ಬಂದಳು.

"ಮಾವ, ಅದು ಬಲಗಡೇದು."

"ಎಡಗಡೆ ಪೈಪು ತಣ್ಣಗಿದೆ ಅಂದ್ನಲ್ಲ."

"ನೀವು ಊಟಕ್ಕೆ ಹೋದಾಗ ನೀರು ಹಾಕಿ ನೋಡ್ದೆ. ಎಡಗಡೆ ಚುರ್ ಅಂತು. ಬಲಗಡೆ ಹನಿ ಹಾಗೇ ಕೂತಿತ್ತು."

"ನೀರು ಹಾಕೋದು ಗಿಡಕ್ಕೆ. ಇಂಜಿನ್ನಿಗೆ ಬೆರಳು."

"ಕಾರ್ಬುರೇಟರಿಗೂ ಇಂಜಿನ್ನಿಗೂ ನಡುವೆ ಇರೋ ರಬ್ಬರ್ ಕತ್ತು ಇದೆಯಲ್ಲ, ಬಲಗಡೇದು ಸೀಳಿರಬೇಕು. ಅಲ್ಲಿಂದ ಕಳ್ಳಗಾಳಿ ಒಳಗೆ ಹೋಗ್ತಿದೆ. ಮೇಲೆ ಸ್ಪ್ರೇ ಹೊಡೆದ್ರೆ ಸೀಳು ಅದನ್ನ ಒಳಗೆ ಎಳ್ಕೊಳ್ಳತ್ತೆ, ಶಬ್ದಾನೇ ಬದಲಾಗತ್ತೆ. ಹೊಸ ರಬ್ಬರ್ ತಂದಿಟ್ಟಿದೀನಿ."

"ಇಂಜಿನ್ ಬಿಸಿಯಾದ್ರೆ ಶಬ್ದ ಬದಲಾಗ್ದೆ ಇರತ್ತಾ?"

ಅವಳು ಕೈಯೊರೆಸಿದ ಬಟ್ಟೆಯನ್ನು ಮಡಿಸಿ ಬೆಂಚಿನ ಮೇಲಿಟ್ಟಳು. ಆಮೇಲೆ ಹೇಳಿದ ಮಾತು ಅಕ್ಷರ ಬಿಡದೆ ನೆನಪಿದೆ.

"ಎಂಟು ವರ್ಷ ಆಯ್ತು ಮಾವ. ಒಂದು ಗಾಡಿಗಾದ್ರೂ ನನ್ನ ಮಾತು ಕೊನೇ ಮಾತಾಗಿದೆಯಾ? ಇದೊಂದಕ್ಕೆ ಕೇಳಿ. ಡಿಪೋದವ್ರಿಗೆ ಬರಲ್ಲ ಅಂತ ಹೇಳ್ಬಿಡ್ತೀನಿ."

ಎಷ್ಟು ಅಗ್ಗದ ಬೆಲೆ! ಒಂದು ರಬ್ಬರ್ ಬದಲಿಸುವ ಕೆಲಸ, ಅರ್ಧ ಗಂಟೆ. ಹೂಂ ಅಂದಿದ್ದರೆ ಮುಗಿದಿತ್ತು. ಆದರೆ ನನ್ನ ಬೆರಳು ಎಡ ಎನ್ನುತ್ತಿತ್ತು. ಕಣ್ಣು ಮಂಜಾಗಿದೆ, ಮೊಣಕಾಲು ಮಾತು ಕೇಳುವುದಿಲ್ಲ, ಉಳಿದದ್ದು ಬೆರಳೊಂದು. ಅದನ್ನೂ ಬಿಟ್ಟುಕೊಟ್ಟರೆ ಈ ಅಂಗಡಿಯಲ್ಲಿ ನಾನು ಯಾರು ಎಂದು ಹೆದರಿಕೆಯಾಯಿತು. ಹೆದರಿಕೆಯಾದಾಗ ನಾನು ರೇಗುತ್ತೇನೆ.

"ಬೇಕಾದ್ರೆ ಹೋಗು. ಇಲ್ಲಿ ಮಾತ್ರ ಎಡ ಅಂದ್ರೆ ಎಡ" ಅಂದೆ.

ಕಿಟಕಿಯಿಂದ ಹೆಂಡತಿ ಕೂಗಿದಳು. "ನೀವು ಹಿಡಿದ ಮೊಲಕ್ಕೆ ಮೂರೇ ಕಾಲು ಬಿಡಿ."

ಆ ಸಂಜೆ ತಟ್ಟೆಗೆ ಬಡಿಸುವಾಗ ಅವಳೇ ನನ್ನ ಎಡಗೈ ಹಿಡಿದು ತಿರುಗಿಸಿದಳು. ಮೂರು ಬೆರಳ ತುದಿಯಲ್ಲೂ ಬೊಬ್ಬೆ ಎದ್ದಿತ್ತು.

"ಇದೇನ್ರೀ?"

"ಚಹಾದ ಪಾತ್ರೆ ತಾಗಿರ್ಬೇಕು."

"ತಾಗಿದ್ದು ಗೊತ್ತಾಗ್ಲಿಲ್ವಾ?"

"ನಮ್ಮ ಕೈ ಎಮ್ಮೆ ಚರ್ಮ ಕಣೇ. ಗೊತ್ತಾಗಲ್ಲ."

ಅವಳು ಮುಲಾಮು ಹಚ್ಚಿದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ನನಗೆ ಬೇಕಾಗಿತ್ತು. ಒಂದು ವರ್ಷದಿಂದ ಬೆಳಿಗ್ಗೆ ಎದ್ದರೆ ಎಡಗೈ ಜೋಮು ಹಿಡಿದಂತಿರುತ್ತಿತ್ತು. ಮಗ್ಗುಲು ಬದಲಿಸದೆ ಮಲಗಿದ್ದಕ್ಕೆ ಅಂದುಕೊಂಡಿದ್ದೆ. ಅಂಗಿಯ ಗುಂಡಿ ಹಾಕುವುದು ತಡವಾಗುತ್ತಿತ್ತು. ಗುಂಡಿಗಳನ್ನು ಈಗ ಸಣ್ಣದಾಗಿ ಮಾಡುತ್ತಾರೆ ಎಂದು ಬೈದಿದ್ದೆ. ಸ್ಕ್ರೂ ಜಾರಿದರೆ ಎಣ್ಣೆ ಜಾಸ್ತಿಯಾಗಿದೆ. ಕುಣಿಯಲಾರದವನಿಗೆ ನೆಲವೆಲ್ಲ ಡೊಂಕೇ.

ಬುಧವಾರ ಎಡಗಡೆಯ ವಾಲ್ವುಗಳನ್ನು ನೋಡಿದೆ. ಸರಿಯಾಗಿದ್ದವು. ಗುರುವಾರ ಎದ್ದಾಗ ಮೈಯೆಲ್ಲ ಹಣ್ಣಾಗಿತ್ತು. ಆದರೂ ಕರೆಂಟು ಕೊಡುವ ಎರಡು ಕಾಯಿಲ್‌ಗಳನ್ನು ಕಳಚಿ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದೆ. ಶುರು ಮಾಡಿ ಸೀಟಿನ ಮೇಲೆ ಕಾಲು ಹಾಕಲು ಹೋದರೆ ಮೊಣಕಾಲು ಅರ್ಧದಲ್ಲೇ ಹಿಡಿದುಕೊಂಡಿತು. ಅರೆನಿಮಿಷ ಆಗಷ್ಟೇ ಬಂದು ಬಾಗಿಲಿಗೆ ಒರಗಿ ನಿಂತಿದ್ದ. ಅವನೆದುರು ಕುಂಟಲು ಮನಸ್ಸಾಗದೆ, ಸಣ್ಣ ಸ್ಟೂಲೊಂದನ್ನು ಎಳೆದುಕೊಂಡು ಗಾಡಿಯ ಮುಂದೆ, ಅದಕ್ಕೆ ಎದುರಾಗಿ ಕೂತೆ. ಅಲ್ಲಿಂದಲೇ ಎರಡೂ ಪೈಪು ಮುಟ್ಟಿದೆ.

ಎರಡು ಎಣಿಸುವಷ್ಟರಲ್ಲಿ ಬಲಗೈ ಹಾರಿ ಬಂತು. ಆ ಕೈ ಇದ್ದದ್ದು ಗಾಡಿಯ ಎಡಗಡೆಯ ಪೈಪಿನ ಮೇಲೆ. ಚುರುಕೆಂದರೆ ಚುರುಕು. ಗಾಡಿಯ ಬಲಗಡೆಯ ಪೈಪು ಏನೂ ಇಲ್ಲ, ತಣ್ಣಗೆ.

"ಸಿಕ್ತು! ಕಾಯಿಲೆ ಬಲಕ್ಕೆ ಹೋಯ್ತು ನೋಡಿ. ಕಾಯಿಲ್ ಜೊತೇಲೇ ಹೋಯ್ತು. ಕಾಯಿಲ್ಲೇ ಕೆಟ್ಟಿದೆ" ಎಂದು ಕೂಗಿದೆ. ನಾಲ್ಕು ದಿನದ ದಣಿವು ಒಂದೇ ಕ್ಷಣದಲ್ಲಿ ಇಳಿದಂತಾಯಿತು.

"ನಾನು ಮೊದ್ಲಿಂದ ಬಲಗಡೆ ಅಂತಾನೇ ಹೇಳ್ತಿದೀನಿ" ಅಂದಳು ಸೊಸೆ ಮೆಲ್ಲಗೆ.

"ಆಗ ಎಡಗಡೆ ಇತ್ತಮ್ಮಾ. ಬಲಕ್ಕೆ ಕಳಿಸಿದ್ದು ನಾನು, ಈಗ." ಅರೆನಿಮಿಷನ ಕಡೆ ತಿರುಗಿ ನಕ್ಕೆ. "ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು, ಅಷ್ಟೆ. ಕಾಗೆ ತಾನೇ ಮುರಿದೆ ಅಂದ್ಕೊಂಡಿದೆ."

ಅವನೂ ನಕ್ಕ. ಸೊಸೆ ನಗಲಿಲ್ಲ. ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ, ಗೋಡೆಯ ಮೊಳೆಗಳಿಗೆ ಅಳತೆಯ ಪ್ರಕಾರ ತೂಗುಹಾಕಿ ಒಳಗೆ ಹೋದಳು. ಇನ್ನೂ ಮಧ್ಯಾಹ್ನ ಮೂರು ಗಂಟೆ. ಅವಳು ಆ ಹೊತ್ತಿಗೆ ಕೆಲಸ ಬಿಟ್ಟು ಎದ್ದದ್ದು ಎಂಟು ವರ್ಷದಲ್ಲಿ ಅದೇ ಮೊದಲು. ಕಂಡೂ ಕಾಣದವನಂತೆ ಹೊಸ ಕಾಯಿಲ್ ತರಿಸಲು ಫೋನು ಮಾಡಿದೆ.

ಶನಿವಾರ ಕಾಯಿಲ್ ಬಂತು. ಬಲಗಡೆ ಹಾಕಿದೆ. ಎರಡು ದಿನ ಕೂತು ಮೊಣಕಾಲೂ ಸಡಿಲವಾಗಿತ್ತು. ಅರೆನಿಮಿಷ ಬರುವವನಿದ್ದ, ಎಂದಿನಂತೆ ಬಂದಿರಲಿಲ್ಲ. ಸೊಸೆ ಬೆಂಚಿನ ಹತ್ತಿರ ನಿಂತಿದ್ದಳು. ಕಿಕ್ ಹೊಡೆದೆ. ಗಾಡಿ ಶುರುವಾಯಿತು, ಮೈ ಕೊಡವಿತು, ಟಪ್ ಟಪ್ ಎಂದು ಉಗುಳಿತು.

ಸೀಟಿನ ಮೇಲೆ ಕೂತು, ಬಗ್ಗಿ, ಬೆರಳು ಒತ್ತಿದೆ. ಎಡಗಡೆ ತಣ್ಣಗೆ.

ಎಡಗಡೆ ಇರುವುದು ಒಳ್ಳೆಯ ಕಾಯಿಲ್. ಬಲಗಡೆ ಹೊಸ ಕಾಯಿಲ್. ಮತ್ತೆ ಎಡಗಡೆ ಹೇಗೆ ತಣ್ಣಗಾಗುತ್ತದೆ? ಇಳಿದು, ಗುರುವಾರ ಕೂತ ಹಾಗೆಯೇ ಸ್ಟೂಲು ಎಳೆದುಕೊಂಡು ಗಾಡಿಯ ಮುಂದೆ ಕೂತೆ. ಮುಟ್ಟಿದೆ. ಬಲಗಡೆ ತಣ್ಣಗೆ.

ಅರೆಗಳಿಗೆಯ ಹಿಂದೆ ಎಡಗಡೆ, ಈಗ ಬಲಗಡೆ. ನಡುವೆ ಗಾಡಿಯ ಒಂದು ಸ್ಕ್ರೂ ಕೂಡ ಅಲುಗಿರಲಿಲ್ಲ. ಯಾವುದೇ ಸಾಮಾನು ಅದಲುಬದಲಾಗಿರಲಿಲ್ಲ. ಸೀಟಿನ ಮೇಲೆ ಕೂತಾಗ ಎಡಗಡೆಯ ಪೈಪಿಗೆ ಎಡಗೈ. ಎದುರಿಗೆ ಕೂತಾಗ ಬಲಗಡೆಯ ಪೈಪಿಗೆ ಎಡಗೈ. ಅದಲುಬದಲಾದದ್ದು ನನ್ನ ಕೈಗಳು. ಕಾಯಿಲೆ ಕೈಯ ಜೊತೆ ಹೋಗಿತ್ತು.

ಇಂಜಿನ್ ಉಗುಳುತ್ತಲೇ ಇತ್ತು. ಬೆಂಚಿನ ಮೇಲೆ ಅವಳ ನೀರಿನ ಬಾಟಲಿ ಇತ್ತು. ಎದ್ದು ತಂದು, ಎಡಗಡೆಯ ಪೈಪಿನ ಮೇಲೆ ನಾಲ್ಕು ಹನಿ ಬಿಟ್ಟೆ. ಚುರ್ ಎಂದು ಹಾರಿಹೋಯಿತು. ಬಲಗಡೆ ಬಿಟ್ಟೆ. ಹನಿ ಪೈಪಿನ ಮೇಲೆ ಕೂತು, ಯೋಚಿಸಿ, ಮೆಲ್ಲಗೆ ಜಾರಿ ನೆಲಕ್ಕೆ ಬಿತ್ತು. ಆರು ದಿನ ನಾನು ಬೆರಳನ್ನು ಒತ್ತಿ ಹಿಡಿದದ್ದು ಚೆನ್ನಾಗಿ ಕಾದ ಪೈಪಿಗೆ.

ಇಂಜಿನ್ ಆರಿಸಿದೆ. ಅಂಗಡಿ ಒಮ್ಮೆಲೇ ನಿಶ್ಶಬ್ದವಾಯಿತು. ಸೊಸೆ ಹತ್ತಿರ ಬಂದು ಕೈ ಚಾಚಿದಳು.

"ಎಡಗೈ ಕೊಡಿ ಮಾವ."

ಬೊಬ್ಬೆಗಳು ಒಡೆದು, ಅದರ ಮೇಲೇ ಹೊಸವು ಎದ್ದಿದ್ದವು. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಕಾರ್ಬುರೇಟರಿನ ತೂತು ಬಿಡಿಸುವ ಸಣ್ಣ ತಂತಿಯನ್ನು ಬೆಂಚಿನಿಂದ ತೆಗೆದುಕೊಂಡಳು.

"ಆ ಕಡೆ ನೋಡಿ. ಚುಚ್ಚಿದಾಗ ಹೇಳಿ."

ಗೋಡೆಯ ಕಡೆ ತಿರುಗಿದೆ. ಸ್ಪ್ಯಾನರುಗಳು ಅಳತೆಯ ಪ್ರಕಾರ ತೂಗುತ್ತಿದ್ದವು, ಅವಳು ಗುರುವಾರ ಇಟ್ಟ ಹಾಗೆಯೇ. ಕಾದೆ. ಇನ್ನೂ ಕಾದೆ.

"ಹೂಂ, ಚುಚ್ಚು" ಅಂದೆ.

"ಚುಚ್ಚಿ ಆಯ್ತು ಮಾವ" ಅಂದಳು. "ಮೂರು ಬೆರಳಿಗೂ."

ಅತ್ತುಬಿಟ್ಟೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಕಿಟಕಿಯಲ್ಲಿ ಹೆಂಡತಿಯ ಮುಖ ಕಂಡಿತು. ಅವಳು ಕೂಗಲಿಲ್ಲ, ಒಲೆ ಆರಿಸಿ, ಚಹಾದ ಲೋಟ ಹಿಡಿದುಕೊಂಡೇ ಈಚೆ ಬಂದಳು.

"ಯಾವತ್ತಿಂದ ಹೀಗಿದೆ?" ಎಂದಳು.

"ಗುಂಡಿಗಳು ಸಣ್ಣವಾದಾಗಿನಿಂದ" ಅಂದೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ.

"ಸೋಮವಾರ ಡಾಕ್ಟ್ರ ಹತ್ರ ಹೋಗೋಣ. ಇಲ್ಲ ಅನ್ನಂಗಿಲ್ಲ" ಎಂದು ಹೇಳಿ ಅವಳು ಸ್ಟೂಲಿನ ಮೇಲೆ ಕೂತಳು. ಇಷ್ಟು ವರ್ಷದಲ್ಲಿ ಅವಳು ಅಂಗಡಿಯ ಸ್ಟೂಲಿನ ಮೇಲೆ ಕೂತದ್ದನ್ನು ನಾನು ನೋಡಿರಲಿಲ್ಲ.

ನಾನು ಸೊಸೆಯ ಕಡೆ ತಿರುಗಿದೆ. ಮಂಗಳವಾರವೇ ಹೇಳಬೇಕಾದ ಮಾತು ಶನಿವಾರ ಹೊರಗೆ ಬಂತು.

"ಬಲಗಡೇದೇ. ನೀನು ಹೇಳಿದ್ದೇ ಸರಿ. ಇನ್ಮೇಲೆ ಈ ಅಂಗಡೀಲಿ ನಿನ್ನ ಮಾತೇ ಕೊನೇ ಮಾತು. ಹೋಗ್ಬೇಡಮ್ಮಾ."

ಅವಳು ತಂತಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

"ನಿನ್ನೆ ಒಪ್ಕೊಂಡೆ ಮಾವ. ಸೋಮವಾರದಿಂದ ಬಾ ಅಂದಿದಾರೆ."

"ಆಗಲ್ಲ ಅಂತ ಹೇಳಕ್ಕಾಗಲ್ವಾ?"

"ಮಾತು ಕೊಟ್ಟಾಯ್ತು" ಅಂದಳು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಎಲ್ಲೋ ಒಂದು ಕಡೆ ಹಿಡಿದು ಸರಿಮಾಡಬಹುದಿತ್ತು. ಅವಳಿಗೂ ದಣಿವಾಗಿತ್ತು. ನನಗಿಂತ ಮೊದಲೇ ದಣಿದಿದ್ದಳು, ನಾನು ನೋಡಿರಲಿಲ್ಲ ಅಷ್ಟೆ.

ಡ್ರಾಯರಿನಿಂದ ಹೊಸ ರಬ್ಬರ್ ತೆಗೆದಳು. ಬಲಗಡೆಯ ಕಾರ್ಬುರೇಟರ್ ಕಳಚಿ, ಹಳೆಯ ರಬ್ಬರನ್ನು ನನ್ನ ಬಲಗೈಯಲ್ಲಿ ಇಟ್ಟಳು. ಬಗ್ಗಿಸಿ ನೋಡಿದೆ. ಕೆಳಗಡೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಉಗುರಿನ ಉದ್ದದ ಸೀಳು ಬಾಯಿ ತೆರೆಯಿತು. ಅವಳು ಹೊಸದನ್ನು ಕೂರಿಸಿದಳು. ಅರ್ಧ ಗಂಟೆಯೂ ಹಿಡಿಯಲಿಲ್ಲ.

ಕಿಕ್ ಹೊಡೆದಳು. ಗಾಡಿ ಒಮ್ಮೆ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಎರಡೂ ಕಡೆ ಒಂದೇ ಉಸಿರಾಗಿ ನಿಂತಿತು. ಹೆಂಡತಿ ತನ್ನ ಕೈಯಲ್ಲಿದ್ದ ಲೋಟವನ್ನು ಇಂಜಿನ್ನಿನ ಮೇಲೆ ಇಟ್ಟಳು. ತುಳುಕಲಿಲ್ಲ.

"ನೋಡೋಣ್ವಾ?" ಅಂದೆ.

ನಾನು ಬಲಗಡೆ ಕುಕ್ಕರಿಸಿದೆ. ಅವಳು ಎಡಗಡೆ ಕುಕ್ಕರಿಸಿದಳು. ನನ್ನ ಬಲಗೈ ಒಂದು ಪೈಪಿನ ಮೇಲೆ, ಅವಳ ಎಡಗೈ ಇನ್ನೊಂದರ ಮೇಲೆ. ಇಬ್ಬರೂ ಕೂಡಿ ಎಣಿಸಿದೆವು. ಒಂದು. ಎರಡು. ಮೂರು ಎನ್ನುವ ಮೊದಲು ಎರಡೂ ಕೈ ಒಟ್ಟಿಗೆ ಹಾರಿ ಬಂದವು. ಅವಳು ನಕ್ಕಳು. ಆ ವಾರದಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

"ಸೋಮವಾರದಿಂದ ಎಡಗಡೆ ಯಾರು ಹಿಡೀತಾರೆ?" ಅಂದೆ.

"ನೀರು ಹಾಕಿ ಮಾವ" ಅಂದಳು. ತನ್ನ ಬಾಟಲಿಯನ್ನು ಒಳಗೆ ತೆಗೆದುಕೊಂಡು ಹೋಗಿ, ತುಂಬಿಸಿ ತಂದು, ನನ್ನ ಬಲಗೈಗೆ ಸಿಗುವ ಹಾಗೆ ಬೆಂಚಿನ ಮೇಲೆ ಇಟ್ಟಳು.